ಬರೆದ ನೆರಳು, ಬಿದ್ದ ನೆರಳು: ಕ್ಯಾನ್ವಾಸ್ ಸೀಳಿದ ಇಟಲಿಯ ಕಲಾವಿದರು

ಕೆಂಪು ಬಣ್ಣ ಬಳಿದ ಒಂದು ಕ್ಯಾನ್ವಾಸ್. ನಡುವೆ, ಮೇಲಿಂದ ಕೆಳಕ್ಕೆ ಒಂದು ಸೀಳು. ಅಷ್ಟೇ. ಮುಖವಿಲ್ಲ, ಮರವಿಲ್ಲ, ಮನೆಯಿಲ್ಲ. ಇಟಲಿಯ ಲೂಚೊ ಫೊಂತಾನಾ 1958ರಿಂದ ಮುಂದಿನ ಹತ್ತು ವರ್ಷ ಇಂಥ ಸೀಳುಗಳನ್ನು ಮತ್ತೆ ಮತ್ತೆ ಮಾಡಿದರು. ಇವತ್ತು ಅವು ದೊಡ್ಡ ದೊಡ್ಡ ಮ್ಯೂಸಿಯಂಗಳ ಗೋಡೆ ಮೇಲಿವೆ.

ಅದರ ಫೋಟೊ ನೋಡಿದವರು ಸಾಮಾನ್ಯವಾಗಿ ಹೇಳುವ ಮೊದಲ ಮಾತು: "ಇದೇನ್ ಮಹಾ, ನಾನೂ ಮಾಡ್ತಿದ್ದೆ." ಈ ಮಾತಿಗೆ ಸಿಟ್ಟಾಗಬೇಕಿಲ್ಲ. ನ್ಯಾಯವಾದ ಮಾತೇ. ಆದರೆ ಅದಕ್ಕೆ ಉತ್ತರ ಫೋಟೊದಲ್ಲಿ ಸಿಗುವುದಿಲ್ಲ. ಸೀಳಿನ ಹತ್ತಿರ ಹೋಗಿ ನಿಲ್ಲಬೇಕು.

ಹತ್ತಿರ ಹೋದರೆ ಮೊದಲು ಕಾಣುವುದು ಸೀಳಿನ ಎರಡು ಅಂಚು. ಅವು ಚಪ್ಪಟೆಯಾಗಿಲ್ಲ. ಎರಡೂ ಸ್ವಲ್ಪ ಒಳಕ್ಕೆ ಬಾಗಿವೆ, ಬಾಳೆ ಎಲೆಯ ಅಂಚು ಬಿಸಿಲಿಗೆ ಸುರುಳಿಕೊಳ್ಳುತ್ತಲ್ಲ, ಹಾಗೆ. ಒಂದು ಅಂಚಿನ ಮೇಲೆ ದೀಪದ ಬೆಳಕು ಬಿದ್ದು ಕೆಂಪು ಹೊಳೆಯುತ್ತದೆ. ಇನ್ನೊಂದು ಅಂಚು ನೆರಳಿಗೆ ಸರಿದು ಕಂದು ಬಣ್ಣಕ್ಕೆ ತಿರುಗಿದೆ. ನಡುವೆ ಗಾಢ ಕಪ್ಪು. ನೀವು ಒಂದು ಹೆಜ್ಜೆ ಎಡಕ್ಕೆ ಸರಿದರೆ ಆ ಕಪ್ಪು ಗೆರೆ ತೆಳುವಾಗುತ್ತದೆ. ಬಲಕ್ಕೆ ಬಂದರೆ ಅಗಲವಾಗುತ್ತದೆ. ಬಳಿದದ್ದು ಒಂದೇ ಕೆಂಪು. ಕಣ್ಣಿಗೆ ಕಾಣುವುದು ನಾಲ್ಕೈದು ಕೆಂಪು. ಉಳಿದವನ್ನೆಲ್ಲ ಆ ಕೋಣೆಯ ಬೆಳಕೇ ಬರೆದಿದೆ.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿಕೈ ಇಲ್ಲಿದೆ. ಕಳೆದ ಶತಮಾನದ ನಡುವಿನಲ್ಲಿ ಇಟಲಿಯ ಒಂದಷ್ಟು ಕಲಾವಿದರು ನೆರಳನ್ನು ಬರೆಯುವುದು ನಿಲ್ಲಿಸಿದರು. ನೆರಳು ತಾನಾಗಿ ಬೀಳುವಂಥ ಕೆಲಸ ಮಾಡತೊಡಗಿದರು. ಕೇಳಲು ಸಣ್ಣ ಬದಲಾವಣೆ ಅನಿಸುತ್ತದೆ. ಆದರೆ ಅದು ಐನೂರು ವರ್ಷದ ಅಭ್ಯಾಸವೊಂದನ್ನು ಬಿಟ್ಟುಕೊಟ್ಟ ಹಾಗೆ. ಆ ಅಭ್ಯಾಸ ಹುಟ್ಟಿದ್ದೂ ಅದೇ ಇಟಲಿಯಲ್ಲಿ.

ಕಿಟಕಿಯ ಕಥೆ

ಫ್ಲಾರೆನ್ಸ್ ನಗರದ ಸಾಂತಾ ಮರೀಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚೊ ಎಂಬ ಯುವ ಚಿತ್ರಕಾರ ಸುಮಾರು 1427ರಲ್ಲಿ ಬರೆದ ಗೋಡೆಚಿತ್ರವೊಂದಿದೆ. ಶಿಲುಬೆಯ ಮೇಲೆ ಕ್ರಿಸ್ತ, ಅವನ ಹಿಂದೆ ಕಮಾನಿನ ಚಾವಣಿ ಇರುವ ಒಂದು ಕೋಣೆ. ದೂರದಿಂದ ನೋಡಿದರೆ ಗೋಡೆ ಕೊರೆದು ಒಳಗೊಂದು ಗರ್ಭಗುಡಿ ಕಟ್ಟಿದ್ದಾರೆ ಅನಿಸುತ್ತದೆ. ಕೈಯಿಟ್ಟರೆ ಚಪ್ಪಟೆ ಗೋಡೆ. ಕೆಲವೇ ವರ್ಷಗಳ ನಂತರ, 1435ರಲ್ಲಿ, ಲಿಯೋನ್ ಬತ್ತಿಸ್ತಾ ಆಲ್ಬೆರ್ತಿ ಎಂಬ ವಿದ್ವಾಂಸ ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸಿ ಬರೆದರು. ಚಿತ್ರದ ಚೌಕಟ್ಟು ಅಂದರೆ ಕಿಟಕಿಯ ಚೌಕಟ್ಟು. ಅದರಾಚೆಗೆ ಒಂದು ಲೋಕ ಕಾಣಬೇಕು.

ಅಲ್ಲಿಂದ ಮುಂದೆ ಯುರೋಪಿನ ಚಿತ್ರಕಲೆ ಬಹುಪಾಲು ಆ ಕಿಟಕಿಯನ್ನೇ ಕಟ್ಟಿತು. 1600ರ ಸುಮಾರಿಗೆ ಇಟಲಿಯ ಕಾರಾವಾಜೊ ಎಂಬ ಚಿತ್ರಕಾರ ಬರೆದ ಚಿತ್ರಗಳಲ್ಲಿ ಕತ್ತಲ ಕೋಣೆಯೊಳಕ್ಕೆ ಒಂದು ಬದಿಯಿಂದ ಬೆಳಕು ನುಗ್ಗುತ್ತದೆ. ಎಂಥ ಬೆಳಕು ಅದು! ಆದರೆ ಚಿತ್ರ ತೂಗುಹಾಕಿದ ಕೋಣೆಯಲ್ಲಿ ದೀಪದ ಜಾಗ ಬದಲಿಸಿ ನೋಡಿ. ಚಿತ್ರದೊಳಗಿನ ಬೆಳಕು ಕದಲುವುದಿಲ್ಲ. ಅದು ಬಣ್ಣದಲ್ಲಿ ಬರೆದ ಬೆಳಕು, ಬರೆದ ನೆರಳು. ಬೇಕಂತಲೇ ಬಟ್ಟೆಯನ್ನು ಮರೆಸುವ ಕಲೆ ಅದು. ನೋಡುವವರಿಗೆ ಬಟ್ಟೆ ಕಂಡರೆ ಚಿತ್ರಕಾರ ಸೋತ ಹಾಗೆ.

ಈಗ ಒಂದು ಸಣ್ಣ ಕೆಲಸ ಮಾಡಿ. ಒಂದು ಬಿಳಿ ಹಾಳೆಯನ್ನು ಮುದುಡಿ, ಬಿಡಿಸಿ, ಬೆಳಿಗ್ಗೆ ಕಿಟಕಿಯ ಪಕ್ಕ ಇಡಿ. ಪಕ್ಕದಿಂದ ಬೆಳಕು ಬೀಳುವಾಗ ಪ್ರತಿ ಮಡಿಕೆಯೂ ಬೆಟ್ಟ ಕಣಿವೆಯ ಹಾಗೆ ಕಾಣುತ್ತದೆ. ಅದೇ ಹಾಳೆಗೆ ಎದುರಿನಿಂದ ಮೊಬೈಲ್ ಫ್ಲ್ಯಾಶ್ ಹಾಕಿ ಫೋಟೊ ತೆಗೆಯಿರಿ. ಎಲ್ಲ ಮಾಯ, ಸುಮ್ನೆ ಒಂದು ಬಿಳಿ ಹಾಳೆ. ಈ ಲೇಖನದಲ್ಲಿ ಬರುವ ಬಹುತೇಕ ಕೃತಿಗಳ ಕಷ್ಟವೂ ಇದೇ. ಅವು ಓರೆ ಬೆಳಕಿನಲ್ಲಿ ಬದುಕುತ್ತವೆ, ಫೋಟೊದಲ್ಲಿ ಸಾಯುತ್ತವೆ. ಅದಕ್ಕೇ ಜನ ಅವುಗಳನ್ನು ಇಷ್ಟು ತಪ್ಪು ತಿಳಿದಿದ್ದಾರೆ ಅಂತ ನನಗನಿಸುತ್ತದೆ.

ಫೊಂತಾನಾ: ಬಟ್ಟೆಯ ಹಿಂದಿನ ತೆರಪು

ಫೊಂತಾನಾ ಹುಟ್ಟಿದ್ದು 1899ರಲ್ಲಿ, ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ. ತಂದೆ ಇಟಲಿಯಿಂದ ಹೋಗಿ ನೆಲೆಸಿದ್ದ ಶಿಲ್ಪಿ. ಚಿಕ್ಕಂದಿನಲ್ಲೇ ಮಿಲಾನಿಗೆ ಬಂದರು. ಅಲ್ಲಿನ ಬ್ರೆರಾ ಅಕಾಡೆಮಿಯಲ್ಲಿ ಆದೋಲ್ಫೊ ವಿಲ್ಟ್ ಎಂಬ ಅಮೃತಶಿಲೆಯ ಶಿಲ್ಪಿಯ ಕೈಕೆಳಗೆ ಕಲಿತರು. ಇದನ್ನು ನೆನಪಿಡಬೇಕು: ಫೊಂತಾನಾ ಮೊದಲು ಶಿಲ್ಪಿ. ಜೇಡಿಮಣ್ಣು ಕಲಸಿದ ಕೈ ಅವರದು. ಬಟ್ಟೆಯನ್ನು ಕಂಡಾಗಲೂ ಅವರ ಕೈಗೆ ಅದರ ಹಿಂದೇನಿದೆ ಎಂಬ ಕುತೂಹಲ.

ಎರಡನೇ ಮಹಾಯುದ್ಧದ ವರ್ಷಗಳನ್ನು ಅವರು ಅರ್ಜೆಂಟೀನಾದಲ್ಲಿ ಕಳೆದರು. 1946ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅವರ ಶಿಷ್ಯರು 'ಬಿಳಿ ಪ್ರಣಾಳಿಕೆ' ಹೊರಡಿಸಿದರು. ಹಳೆಯ ರೀತಿಯ ಚಿತ್ರ, ಹಳೆಯ ರೀತಿಯ ಶಿಲ್ಪ ಇನ್ನು ಸಾಲದು, ಕಲೆಯಲ್ಲಿ ಬಣ್ಣ, ಸದ್ದು, ಚಲನೆ, ಕಾಲ, ಜಾಗ ಎಲ್ಲವೂ ಸೇರಬೇಕು ಎಂಬುದು ಅದರ ಸಾರ. ಮರುವರ್ಷ ಫೊಂತಾನಾ ಮಿಲಾನಿಗೆ ಮರಳಿದರು. ಅವರ ಹಳೆಯ ಸ್ಟುಡಿಯೊ ಬಾಂಬ್ ದಾಳಿಯಲ್ಲಿ ಹಾಳಾಗಿತ್ತು. ಅಲ್ಲಿ ಶುರುವಾದ ಚಳವಳಿಯ ಹೆಸರು 'ಸ್ಪಾಜಿಯಾಲಿಸ್ಮೊ'.

ಇಟಲಿಯ 'ಸ್ಪಾಜಿಯೊ' ಎಂಬ ಪದಕ್ಕೆ ಬಾಹ್ಯಾಕಾಶ ಅಂತಲೂ ಅರ್ಥ, ನಮ್ಮ ಸುತ್ತಲಿನ ಜಾಗ ಅಂತಲೂ ಅರ್ಥ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತು ಹುಡುಕಬೇಕು. ನನಗೆ ಹತ್ತಿರ ಅನಿಸುವುದು ನಮ್ಮ 'ತೆರಪು'. ಎರಡು ವಸ್ತುಗಳ ನಡುವಿನ ಖಾಲಿಯೂ ತೆರಪೇ, ಎರಡು ಕೆಲಸಗಳ ನಡುವಿನ ಬಿಡುವೂ ತೆರಪೇ. ಫೊಂತಾನಾ ಹುಡುಕಿದ್ದು ಇಂಥದ್ದನ್ನೇ. ರಾಕೆಟ್, ಟೆಲಿವಿಷನ್, ರೇಡಿಯೊ ಅಲೆಗಳ ಕಾಲ ಅದು. ಮನುಷ್ಯ ಭೂಮಿ ಬಿಟ್ಟು ಹೊರಡಲು ಸಿದ್ಧನಾಗುತ್ತಿದ್ದ. ಚೌಕಟ್ಟಿನೊಳಗಿನ ಸುಳ್ಳು ಆಳ ಅವರಿಗೆ ಸಾಕಾಗಲಿಲ್ಲ.

1949ರಲ್ಲಿ ಅವರು ಕ್ಯಾನ್ವಾಸಿಗೆ ತೂತು ಕೊರೆಯತೊಡಗಿದರು. ಆ ತೂತುಗಳ ಸಾಲು ಸುರುಳಿ ಸುರುಳಿಯಾಗಿ ಹರಡಿ, ನಕ್ಷತ್ರದ ಗುಂಪಿನ ಹಾಗೆ ಕಾಣುತ್ತವೆ. ಬರೀ ತೂತು ಮಾಡಿದರೆ ಏನಾಯಿತು? ಚಿತ್ರಕ್ಕೆ ಮೊದಲ ಸಲ ಒಂದು ಹಿಂಬದಿ ಸಿಕ್ಕಿತು. ಅಲ್ಲಿಯವರೆಗೆ ಬಟ್ಟೆಯ ಹಿಂದೆ ಏನಿದೆ ಎಂಬುದು ನೋಡುವವರ ಲೆಕ್ಕದಲ್ಲೇ ಇರಲಿಲ್ಲ.

ತೂತಿನಿಂದ ಸೀಳಿಗೆ ಬರಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. ಆ ಸೀಳು ಸಿಟ್ಟಿನಿಂದ ಬಟ್ಟೆ ಹರಿದ ಕೆಲಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಾಡುವ ಕ್ರಮ ನೋಡಿದರೆ ಹಾಗನ್ನಿಸುವುದಿಲ್ಲ. ಮೊದಲು ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಬೇಕು. ನೀರಿನಲ್ಲಿ ಕದಡುವ ಬಣ್ಣವನ್ನು ಬ್ರಷ್ಷಿನ ಗುರುತು ಉಳಿಯದ ಹಾಗೆ ಬಳಿಯಬೇಕು. ಪೂರ್ತಿ ಒಣಗುವ ಮೊದಲು, ಬಟ್ಟೆಯಲ್ಲಿ ಇನ್ನೂ ತೇವ ಇರುವಾಗ, ಚೂಪು ಬ್ಲೇಡಿನ ಚಾಕುವಿನಿಂದ ಮೇಲಿಂದ ಕೆಳಕ್ಕೆ ಒಂದೇ ಎಳೆತ. ನಡುವೆ ಕೈ ನಿಂತರೆ ಗೆರೆ ಕೆಟ್ಟಿತು. ತಿದ್ದುವ ಅವಕಾಶವಿಲ್ಲ. ಆಮೇಲೆ ಬೆರಳಿನಿಂದ ಸೀಳಿನ ಅಂಚನ್ನು ನಿಧಾನಕ್ಕೆ ಒಳಕ್ಕೆ ಬಾಗಿಸುವುದು. ತೇವ ಇದ್ದುದರಿಂದ ಬಟ್ಟೆ ಆ ಬಾಗನ್ನು ಹಿಡಿದುಕೊಂಡು ಒಣಗುತ್ತದೆ. ಕೊನೆಗೆ ಹಿಂಬದಿಯಿಂದ ಕಪ್ಪು ಜಾಳುಬಟ್ಟೆಯ ಪಟ್ಟಿ ಅಂಟಿಸುತ್ತಾರೆ. ಅದು ಸೀಳನ್ನು ಜೋತುಬೀಳದಂತೆ ಹಿಡಿಯುತ್ತದೆ, ಹಿಂದಿನ ಗೋಡೆಯನ್ನೂ ಮರೆಮಾಡುತ್ತದೆ. ನಮಗೆ ಕಾಣುವ ಆ ತಳವಿಲ್ಲದ ಕಪ್ಪು ಹುಟ್ಟುವುದು ಈ ಸಾಧಾರಣ ಬಟ್ಟೆ ಚೂರಿನಿಂದ.

ಈ ಕೃತಿಗಳಿಗೆ ಫೊಂತಾನಾ ಇಟ್ಟ ಹೆಸರು 'ಆತ್ತೇಸಾ'. ಅಂದರೆ ಕಾಯುವಿಕೆ. ಚಿತ್ರ ಪೂರ್ತಿ ಇರುವುದು ಆ ಹೆಸರಿನಲ್ಲಿ. 1964ರಲ್ಲಿ ಊಗೊ ಮೂಲಾಸ್ ಎಂಬ ಛಾಯಾಗ್ರಾಹಕ ಅವರ ಕೆಲಸದ ಫೋಟೊ ತೆಗೆಯಲು ಹೋದರು. ಯಾರಾದರೂ ನೋಡುತ್ತಿದ್ದರೆ ತನ್ನಿಂದ ಸೀಳಲು ಆಗುವುದಿಲ್ಲ ಎಂದರು ಫೊಂತಾನಾ. ಹಾಗಾಗಿ ಚಾಕು ಹಿಡಿದು ನಿಂತ ಆ ಹೆಸರುವಾಸಿ ಫೋಟೊಗಳು ಸೀಳಿದ ಗಳಿಗೆಯವಲ್ಲ. ಸೀಳುವ ಮೊದಲಿನ ನಿಲುವನ್ನೂ ನಂತರದ ನಿಲುವನ್ನೂ ತೋರಿಸಿ, ನಡುವಿನದನ್ನು ನಮ್ಮ ಊಹೆಗೆ ಬಿಟ್ಟವು. ಖಾಲಿ ಬಟ್ಟೆಯ ಮುಂದೆ, ಬೆನ್ನು ತಿರುಗಿಸಿ, ಚಾಕು ಹಿಡಿದು ನಿಂತ ಆ ಮನುಷ್ಯನನ್ನು ನೋಡಿದಾಗ 'ನಾನೂ ಮಾಡ್ತಿದ್ದೆ' ಎಂಬ ಮಾತು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಕೈಗೆ ಸೀಳಲು ಬರಬಹುದು. ಅಷ್ಟು ಹೊತ್ತು ಕಾಯಲು ಬರಬೇಕಲ್ಲ.

ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆ. 1966ರ ಬಿಯೆನಾಲೆಯಲ್ಲಿ ಅವರು ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಜತೆ ಸೇರಿ ಪೂರ್ತಿ ಬಿಳಿಯಾದ ಒಂದು ಕೋಣೆ ಮಾಡಿದರು. ಬಿಳಿ ಕ್ಯಾನ್ವಾಸುಗಳು, ಒಂದೊಂದರಲ್ಲೂ ಒಂದೇ ಸೀಳು. ಆ ವರ್ಷ ಚಿತ್ರಕಲೆಯ ದೊಡ್ಡ ಬಹುಮಾನ ಅವರಿಗೆ ಸಿಕ್ಕಿತು. ಎರಡು ವರ್ಷಕ್ಕೆ ತೀರಿಕೊಂಡರು.

ಗೋಣಿ, ದಬ್ಬಣ, ಬೆಂಕಿ

ಫೊಂತಾನಾ ಬಟ್ಟೆ ಸೀಳುವುದಕ್ಕೂ ಮೊದಲೇ ಇನ್ನೊಬ್ಬರು ಬಟ್ಟೆ ಹೊಲಿಯುತ್ತಿದ್ದರು. ಆಲ್ಬೆರ್ತೊ ಬೂರಿ. ಊಂಬ್ರಿಯಾ ಪ್ರಾಂತದ ಚಿತ್ತಾ ದಿ ಕಾಸ್ತೆಲ್ಲೊ ಎಂಬ ಊರು, ಹುಟ್ಟಿದ್ದು 1915ರಲ್ಲಿ. ಓದಿದ್ದು ವೈದ್ಯಕೀಯ. ಯುದ್ಧದಲ್ಲಿ ಸೇನೆಯ ಡಾಕ್ಟರ್ ಆಗಿ ಉತ್ತರ ಆಫ್ರಿಕಕ್ಕೆ ಹೋದರು. 1943ರಲ್ಲಿ ಟುನೀಸಿಯಾದಲ್ಲಿ ಸೆರೆ ಸಿಕ್ಕಿ, ಅಮೆರಿಕದ ಟೆಕ್ಸಸ್ ರಾಜ್ಯದ ಹೆರ್‌ಫರ್ಡ್ ಕ್ಯಾಂಪಿನಲ್ಲಿ ಯುದ್ಧಕೈದಿಯಾದರು. ಚಿತ್ರ ಬರೆಯಲು ಶುರು ಮಾಡಿದ್ದು ಅಲ್ಲಿ. 1946ರಲ್ಲಿ ಊರಿಗೆ ಬಂದ ಮೇಲೆ ಮತ್ತೆ ಸ್ಟೆತಸ್ಕೋಪ್ ಹಿಡಿಯಲಿಲ್ಲ.

ರೋಮ್‌ನಲ್ಲಿ ಅವರು ಕೈಗೆತ್ತಿಕೊಂಡದ್ದು ಗೋಣಿಚೀಲ. ಅವರ 1949ರ 'ಎಸ್‌ಜೆಡ್ 1' ಎಂಬ ಕೃತಿಯ ಹೆಸರು ಬಂದದ್ದೇ 'ಸಕ್ಕರೆ ಚೀಲ' ಎಂಬ ಇಟಲಿಯ ಮಾತಿನ ಮೊದಲಕ್ಷರಗಳಿಂದ. ಯುದ್ಧ ಮುಗಿದ ಇಟಲಿಗೆ ಅಮೆರಿಕದಿಂದ ಆಹಾರ ನೆರವು ಬರುತ್ತಿದ್ದ ಕಾಲ. ಆ ಚೀಲದ ಮೇಲೆ ಅಚ್ಚಾದ ಅಮೆರಿಕದ ಬಾವುಟದ ಚೂರುಗಳೂ ಚಿತ್ರದಲ್ಲಿ ಕಾಣುತ್ತವೆ.

ಬೂರಿಯ ಗೋಣಿ ಕೃತಿಗಳನ್ನು ನಮ್ಮವರು ನೋಡುವ ರೀತಿ ಬೇರೆಯೇ ಇರುತ್ತದೆ. ನಮಗೆ ಗೋಣಿ ಗೊತ್ತು. ರಾಗಿ ತುಂಬಿದ ಗೋಣಿಯ ಬಾಯಿಯನ್ನು ದಬ್ಬಣದಿಂದ ಹೊಲಿಯುವುದು ಗೊತ್ತು. ತೂತು ಬಿದ್ದ ಕಡೆ ಇನ್ನೊಂದು ಗೋಣಿಯ ತುಂಡು ಇಟ್ಟು ತೇಪೆ ಹಾಕುವುದು ಗೊತ್ತು. ನೂಲು ಜಾರಿ ಜಾಳಾದ ಗೋಣಿಯಿಂದ ಬೆಳಕು ತೂರುವುದು ಗೊತ್ತು. ಆ ಗೋಣಿಯ ಸೆಣಬೂ ಆ ಕಾಲದಲ್ಲಿ ಜಗತ್ತಿಗೆಲ್ಲ ಬಹುಪಾಲು ಬಂಗಾಳದ ಹೊಲಗಳಿಂದ ಹೋಗುತ್ತಿತ್ತು. ಬೂರಿ ಮಾಡಿದ್ದು ಇದನ್ನೇ: ಹರಿದ ಗೋಣಿಗಳನ್ನು ಜೋಡಿಸಿ, ದಪ್ಪ ದಾರದಿಂದ ಹೊಲಿದು, ತೇಪೆ ಹಾಕಿ, ಚೌಕಟ್ಟಿಗೆ ಬಿಗಿದರು. ಕೆಲವು ತೂತುಗಳ ಹಿಂದೆ ಕೆಂಪು ಇಣುಕುತ್ತದೆ. ಕೆಲವು ಕಡೆ ಕಪ್ಪು. ಒಂದು ತುಂಡಿನ ನೇಯ್ಗೆ ಬಿಗಿ, ಪಕ್ಕದ್ದು ಜಾಳು. ಒಂದು ಹಳದಿ ಕಡೆಗೆ ವಾಲುವ ಕಂದು, ಇನ್ನೊಂದು ಮಣ್ಣು ಬಣ್ಣ. ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಹೊಲಿಗೆ ಗೆರೆಯಾಗುತ್ತದೆ, ತೇಪೆ ಆಕಾರವಾಗುತ್ತದೆ. ಒಬ್ಬ ನುರಿತ ಚಿತ್ರಕಾರ ಬಣ್ಣ ಹೊಂದಿಸುವಷ್ಟೇ ಎಚ್ಚರದಿಂದ ಗೋಣಿ ಹೊಂದಿಸಿದ್ದಾರೆ ಎಂಬುದು ತಿಳಿಯುತ್ತದೆ.

ಡಾಕ್ಟರ್ ಆಗಿದ್ದವರು, ಯುದ್ಧ ಕಂಡವರು. ಹಾಗಾಗಿ ಇದು ಗಾಯ, ಇದು ಹೊಲಿಗೆ, ಇದು ರಕ್ತ ಅಂತ ವಿಮರ್ಶಕರು ಬರೆದರು. ಬೂರಿ ಇದನ್ನು ಒಪ್ಪಲಿಲ್ಲ. ಮಾತು ಕಡಿಮೆ ಆಡುವ ಮನುಷ್ಯ. ಕೇಳಿದಾಗಲೆಲ್ಲ ಆಕಾರ ಮತ್ತು ಜಾಗ, ತನ್ನ ಕೆಲಸ ಅಷ್ಟೇ ಎನ್ನುತ್ತಿದ್ದರು. ನನಗೆ ಅವರ ಮಾತು ಸರಿ ಅನಿಸುತ್ತದೆ. ಗೋಣಿಯನ್ನು 'ಗಾಯ' ಎಂದ ಕೂಡಲೇ ನಾವು ಗೋಣಿಯನ್ನು ನೋಡುವುದು ಬಿಟ್ಟುಬಿಡುತ್ತೇವೆ.

1959ರಲ್ಲಿ ರೋಮ್‌ನ ಸರ್ಕಾರಿ ಆಧುನಿಕ ಕಲಾ ಗ್ಯಾಲರಿಯಲ್ಲಿ ಬೂರಿಯ ದೊಡ್ಡ ಗೋಣಿ ಕೃತಿ ಇಟ್ಟಿದ್ದಕ್ಕೆ ಸಂಸತ್ತಿನಲ್ಲೇ ಪ್ರಶ್ನೆ ಎದ್ದಿತು. ಹರಕು ಗೋಣಿಗೆ ಜನರ ದುಡ್ಡೇ ಎಂಬ ಗದ್ದಲ. ಗ್ಯಾಲರಿಯ ನಿರ್ದೇಶಕಿ ಪಾಲ್ಮಾ ಬುಕಾರೆಲ್ಲಿ ಜಗ್ಗಲಿಲ್ಲ. ಆ ಗಟ್ಟಿತನ ಇಲ್ಲದಿದ್ದರೆ ಇಟಲಿಯ ಹೊಸ ಕಲೆಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

ಬೂರಿ ಗೋಣಿಗೆ ನಿಲ್ಲಲಿಲ್ಲ. ಡಾಂಬರು ಬಳಸಿದರು. ಸುಟ್ಟ ಮರದ ಹಾಳೆ, ಬೆಸುಗೆ ಹಾಕಿದ ಕಬ್ಬಿಣದ ತಗಡು ಬಳಸಿದರು. 1960ರ ದಶಕದಲ್ಲಿ ಪ್ಲಾಸ್ಟಿಕ್ ಹಾಳೆಗೆ ಗ್ಯಾಸಿನ ಬೆಂಕಿ ಹಿಡಿದು ಸುಟ್ಟರು. ಬೆಂಕಿ ತಾಗಿದ ಕಡೆ ಪ್ಲಾಸ್ಟಿಕ್ ಹಿಂಜರಿಯುತ್ತದೆ, ಸುಕ್ಕಾಗುತ್ತದೆ, ತೂತು ಬಾಯಿ ತೆರೆಯುತ್ತದೆ. ಯಾವಾಗ ಬೆಂಕಿ ತೆಗೆಯಬೇಕು ಎಂಬುದೇ ಅಲ್ಲಿನ ಕಸುಬು. ಪಾರದರ್ಶಕ ಪ್ಲಾಸ್ಟಿಕ್ ಆದರೆ ಬೆಳಕು ಅದರ ಮಡಿಕೆಗಳಲ್ಲಿ ಸಿಕ್ಕಿಹಾಕಿಕೊಂಡು ಹೊಳೆಯುತ್ತದೆ.

ಆಮೇಲೆ ಬಂದದ್ದು 'ಕ್ರೆತ್ತಿ', ಅಂದರೆ ಬಿರುಕುಗಳು. ಒಂದೇ ಆದರೆ 'ಕ್ರೆತ್ತೊ'. ಬೇಸಿಗೆಯಲ್ಲಿ ಕೆರೆಯಂಗಳ ಒಣಗಿ ಬಿರಿದಾಗ ಕಾಣುವ ಹಾಗೆ ಇವೆ. ಬಿಳಿ ಜೇಡಿ, ಬಣ್ಣದ ಪುಡಿ, ಅಂಟು ಕಲಸಿ, ಗಟ್ಟಿ ಹಲಗೆಯ ಮೇಲೆ ಹರಡಿ ಒಣಗಲು ಬಿಡುತ್ತಿದ್ದರು. ದಪ್ಪಗೆ ಹರಡಿದ ಕಡೆ ಬಿರುಕು ಅಗಲ, ತೆಳ್ಳಗೆ ಹರಡಿದ ಕಡೆ ಸಣ್ಣ. ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಬೂರಿಯ ಕೈಯಲ್ಲಿತ್ತು. ಬಿರುಕು ಎಲ್ಲಿ ತಿರುಗಬೇಕು ಎಂಬುದು ಜೇಡಿಯ ಇಷ್ಟ. ಸಾಕು ಅನಿಸಿದಾಗ ಮೇಲೆ ಅಂಟು ಹಾಯಿಸಿ ಬಿರುಕು ಮುಂದುವರಿಯದಂತೆ ಹಿಡಿಯುತ್ತಿದ್ದರು. ಬಿಳಿ ಕ್ರೆತ್ತೊದಲ್ಲಿ ಕಾಣುವ ಕಪ್ಪು ಗೆರೆಗಳು ಬರೆದವಲ್ಲ. ಪ್ರತಿಯೊಂದೂ ಬಿರುಕಿನೊಳಗೆ ಬಿದ್ದ ನೆರಳು.

ಮಿಲಾನಿನ ಹುಡುಗರು

1957ರ ಜನವರಿಯಲ್ಲಿ ಮಿಲಾನಿನ ಒಂದು ಗ್ಯಾಲರಿಯಲ್ಲಿ ಫ್ರಾನ್ಸಿನ ಈವ್ ಕ್ಲೈನ್ ಬರೀ ನೀಲಿ ಬಳಿದ ಚಿತ್ರಗಳನ್ನು ತೂಗುಹಾಕಿದರು. ಅದನ್ನು ನೋಡಿದವರಲ್ಲಿ ಪಿಯೆರೊ ಮಾಂಜೋನಿ ಎಂಬ 23 ವರ್ಷದ ಯುವಕನೂ ಇದ್ದ. ಆ ವರ್ಷವೇ ಅವನು 'ಆಕ್ರೋಮ್' ಸರಣಿ ಶುರು ಮಾಡಿದ. ಆಕ್ರೋಮ್ ಅಂದರೆ ಬಣ್ಣವಿಲ್ಲದ್ದು.

ಪಿಂಗಾಣಿ ಮಾಡಲು ಬಳಸುವ ಬಿಳಿ ಜೇಡಿಯನ್ನು ನೀರಿನ ಹಾಗೆ ಕಲಸಿ, ಅದರಲ್ಲಿ ಬಟ್ಟೆ ಅದ್ದಿ, ಅಡ್ಡಡ್ಡ ನೆರಿಗೆ ಹಿಡಿದು, ಬಿಟ್ಟುಬಿಡುವುದು. ಗಂಜಿ ಹಾಕಿದ ಪಂಚೆ ಒಣಗಿ ಸೆಟೆದು ನಿಲ್ಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗುವಾಗ ನೆರಿಗೆಗಳು ತಮ್ಮಷ್ಟಕ್ಕೆ ಜಾಗ ಹಿಡಿಯುತ್ತವೆ. ಕಲಾವಿದನ ಕೈ ದೂರ ಸರಿದ ಮೇಲೆ ಕೃತಿ ತಯಾರಾಗುತ್ತದೆ. ಇಲ್ಲಿ ಬಿಳಿ ಅಂದರೆ ಶಾಂತಿಯೂ ಅಲ್ಲ, ಶುದ್ಧತೆಯೂ ಅಲ್ಲ. ಜೇಡಿಯ ಬಣ್ಣ ಬಿಳಿ, ಅದಕ್ಕೇ ಬಿಳಿ. ಮುಂದೆ ಅವನು ಹತ್ತಿ, ಬ್ರೆಡ್ಡು, ಥರ್ಮೊಕೋಲಿನಲ್ಲೂ ಆಕ್ರೋಮ್ ಮಾಡಿದ. ಮಾಂಜೋನಿಯ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಕಲಾವಿದನ ಮಲ ಎಂದು ಚೀಟಿ ಅಂಟಿಸಿದ 1961ರ ಆ 90 ಡಬ್ಬಿಗಳು. ಅವುಗಳ ಗದ್ದಲದಲ್ಲಿ ಈ ಬಿಳಿ ನೆರಿಗೆಗಳು ಮರೆಯಾದದ್ದು ನನಗೆ ನಿಜಕ್ಕೂ ಬೇಸರ. 1963ರಲ್ಲಿ, 29ನೇ ವಯಸ್ಸಿಗೆ, ಅವನು ತೀರಿಕೊಂಡ.

ಅವನ ಗೆಳೆಯ ಎನ್ರೀಕೊ ಕಾಸ್ತೆಲ್ಲಾನಿ. ಇಬ್ಬರೂ ಸೇರಿ 1959ರ ಕೊನೆಗೆ ಮಿಲಾನಿನಲ್ಲಿ 'ಆಜಿಮುತ್' ಎಂಬ ಸಣ್ಣ ಗ್ಯಾಲರಿ ತೆರೆದರು, ಅದೇ ಹೆಸರಿನ ಪತ್ರಿಕೆಯನ್ನೂ ತಂದರು. ಗ್ಯಾಲರಿ ನಡೆದದ್ದು ಕೆಲವೇ ತಿಂಗಳು, ಪತ್ರಿಕೆ ಬಂದದ್ದು ಎರಡೇ ಸಂಚಿಕೆ. ಪರಿಣಾಮ ಮಾತ್ರ ದೊಡ್ಡದು.

ಕಾಸ್ತೆಲ್ಲಾನಿ ಬಳಸಿದ್ದು ಮೊಳೆ. ಚೌಕಟ್ಟಿನಲ್ಲಿ ಸಾಲಾಗಿ ಮೊಳೆ ಹೊಡೆದು ಅದರ ಮೇಲೆ ಬಟ್ಟೆ ಎಳೆಯುತ್ತಾರೆ. ಕೆಲವು ಮೊಳೆ ಹಿಂದಿನಿಂದ ಬಟ್ಟೆಯನ್ನು ಹೊರಕ್ಕೆ ನೂಕುತ್ತವೆ. ಕೆಲವನ್ನು ಮುಂದಿನಿಂದ ಹೊಡೆದು ಬಟ್ಟೆಯನ್ನು ಒಳಕ್ಕೆ ಎಳೆಯುತ್ತಾರೆ. ಉಬ್ಬು, ತಗ್ಗು, ಉಬ್ಬು, ತಗ್ಗು. ಮೇಲೆ ಒಂದೇ ಬಣ್ಣ, ಹೆಚ್ಚಾಗಿ ಬಿಳಿ. ಬೆಳಿಗ್ಗೆ ನೋಡಿದ ಕೃತಿ ಸಂಜೆಗೆ ಬೇರೆಯದೇ ಆಗಿರುತ್ತದೆ, ಏಕೆಂದರೆ ಪ್ರತಿ ಉಬ್ಬಿನ ನೆರಳು ಜಾಗ ಬದಲಿಸಿರುತ್ತದೆ. 2017ರಲ್ಲಿ ತೀರಿಕೊಳ್ಳುವವರೆಗೂ, ಅರ್ಧ ಶತಮಾನಕ್ಕೂ ಜಾಸ್ತಿ, ಅವರು ಇದೊಂದೇ ದಾರಿಯಲ್ಲಿ ನಡೆದರು. ಒಂದೇ ರಾಗವನ್ನು ಜೀವಮಾನವಿಡೀ ಹಾಡಿದ ಹಾಗೆ.

ಇದೇ ಬಳಗದ ಸುತ್ತ ಇನ್ನೂ ಕೆಲವರಿದ್ದರು. ಆಗೊಸ್ತೀನೊ ಬೊನಾಲುಮಿ ಕ್ಯಾನ್ವಾಸನ್ನು ಹಿಂದಿನಿಂದ ಉಬ್ಬಿಸಿ ಶಿಲ್ಪದ ಹತ್ತಿರಕ್ಕೆ ತಂದರು. ದಾದಾಮೈನೊ ಎಂಬ ಕಲಾವಿದೆ 1958ರಲ್ಲಿ ಕ್ಯಾನ್ವಾಸಿನಲ್ಲಿ ಮೊಟ್ಟೆಯಾಕಾರದ ದೊಡ್ಡ ತೂತುಗಳನ್ನು ಕತ್ತರಿಸಿದರು. ಎಷ್ಟು ದೊಡ್ಡದೆಂದರೆ ಹಿಂದಿನ ಗೋಡೆಯೇ ಚಿತ್ರವಾಯಿತು, ಅದರ ಮೇಲೆ ಬಿದ್ದ ನೆರಳು ಸಮೇತ. ಗಂಡಸರ ಹೆಸರುಗಳ ನಡುವೆ ಈಕೆಯ ಹೆಸರು ಬಹಳ ವರ್ಷ ಹಿಂದೆ ಉಳಿಯಿತು. ಕೆಲಸ ನೋಡಿದರೆ ಹಾಗಾಗಬಾರದಿತ್ತು.

ಬೆಳಕೇ ವಸ್ತುವಾದಾಗ

ಬಟ್ಟೆಯ ಮೇಲೆ ಬೀಳುವ ಬೆಳಕು ಇಷ್ಟು ಕೆಲಸ ಮಾಡುವುದಾದರೆ, ಬಟ್ಟೆಯೇ ಯಾಕೆ ಬೇಕು? ಈ ಪ್ರಶ್ನೆಯನ್ನೂ ಇವರಲ್ಲಿ ಮೊದಲು ಕೇಳಿದವರು ಫೊಂತಾನಾ.

1949ರ ಫೆಬ್ರವರಿಯಲ್ಲಿ ಮಿಲಾನಿನ ನವೀಲ್ಯೊ ಗ್ಯಾಲರಿಗೆ ಬಂದವರು ಒಂದು ಕತ್ತಲ ಕೋಣೆಗೆ ಕಾಲಿಟ್ಟರು. ಚಾವಣಿಯಿಂದ ಕಾಗದದ ಮುದ್ದೆಯಿಂದ ಮಾಡಿದ ವಿಚಿತ್ರ ಆಕಾರಗಳು ತೂಗುತ್ತಿದ್ದವು. ಅವಕ್ಕೆ ಬಳಿದದ್ದು ನೇರಳಾತೀತ ದೀಪಕ್ಕೆ ಹೊಳೆಯುವ ಬಣ್ಣ. ಕಣ್ಣಿಗೆ ಗೋಡೆ ಕಾಣದು, ನೆಲ ಕಾಣದು, ಹೊಳೆಯುವ ಆಕಾರಗಳು ಮಾತ್ರ ಗಾಳಿಯಲ್ಲಿ ತೇಲುತ್ತವೆ. ಕೆಲವೇ ದಿನ ಇದ್ದ ಕೃತಿ ಅದು, ಆಮೇಲೆ ಬಿಚ್ಚಿಹಾಕಿದರು. ಕೊಂಡು ಮನೆಗೆ ಒಯ್ಯಲು ಅಲ್ಲಿ ಏನೂ ಇರಲಿಲ್ಲ. ಒಳಗೆ ಹೋಗಿ ಬರುವುದೇ ಕೃತಿ. ಇವತ್ತು ಜಗತ್ತಿನಾದ್ಯಂತ 'ಇನ್‌ಸ್ಟಲೇಷನ್' ಎಂದು ಕರೆಯುವ ಕಲೆಯ ಆರಂಭದ ಮೆಟ್ಟಿಲುಗಳಲ್ಲಿ ಈ ಕೋಣೆಯೂ ಒಂದು.

ಎರಡು ವರ್ಷದ ನಂತರ, 1951ರ ಮಿಲಾನ್ ತ್ರಿಯೆನಾಲೆ ಎಂಬ ವಿನ್ಯಾಸ ಪ್ರದರ್ಶನದಲ್ಲಿ, ಮುಖ್ಯ ಮೆಟ್ಟಿಲುಗಳ ಮೇಲೆ ಅವರು ಸುಮಾರು 100 ಮೀಟರ್ ನಿಯಾನ್ ಕೊಳವೆಯನ್ನು ಗಂಟುಗಂಟಾಗಿ ಸುತ್ತಿ ತೂಗುಹಾಕಿದರು. ಕತ್ತಲಲ್ಲಿ ಊದುಬತ್ತಿ ಹಿಡಿದು ಗಿರಗಿರ ಕೈ ಬೀಸಿದರೆ ಗಾಳಿಯಲ್ಲಿ ಒಂದು ಗೆರೆ ಉಳಿದಂತೆ ಕಾಣುತ್ತದಲ್ವಾ? ಅಂಥ ಒಂದು ಗೆರೆ, ಮನೆಯಷ್ಟು ದೊಡ್ಡದು, ಆರದೆ ನಿಂತ ಹಾಗೆ. ಅದರ ಮರುರೂಪ ಈಗ ಮಿಲಾನಿನ ನೊವೆಚೆಂತೊ ಮ್ಯೂಸಿಯಂನಲ್ಲಿದೆ. ರಾತ್ರಿ ಹೊತ್ತು ಅಲ್ಲಿನ ದೊಡ್ಡ ಚರ್ಚಿನ ಮುಂದಿನ ದುವೊಮೊ ಚೌಕದಲ್ಲಿ ನಿಂತು ತಲೆಯೆತ್ತಿದರೆ, ಟಿಕೆಟ್ ಇಲ್ಲದೆಯೇ, ಗಾಜಿನ ಗೋಡೆಯೊಳಗೆ ಅದು ಉರಿಯುವುದು ಕಾಣುತ್ತದೆ.

ಫ್ರಾಂಚೆಸ್ಕೊ ಲೊ ಸಾವಿಯೊ ರೋಮ್‌ನವರು. ಅರೆಪಾರದರ್ಶಕ ಕಾಗದಗಳನ್ನು ಪದರ ಪದರವಾಗಿ ಇಟ್ಟು ಬೆಳಕು ಹೇಗೆ ಸೋಸಿ ಬರುತ್ತದೆ ಎಂದು ನೋಡಿದರು. ಅವರ ಒಂದು ಸರಣಿಯ ಹೆಸರೇ 'ಜಾಗ-ಬೆಳಕು'. 28ನೇ ವಯಸ್ಸಿಗೇ ತೀರಿಕೊಂಡರು. ಮಿಲಾನಿನ ನಾಂದಾ ವೀಗೊ ಅಲ್ಯುಮಿನಿಯಂ ಚೌಕಟ್ಟಿಗೆ ಉಬ್ಬುತಗ್ಗಿನ ಗಾಜು ಕೂರಿಸಿ, ಕೆಲವೊಮ್ಮೆ ಒಳಗೆ ನಿಯಾನ್ ಇಟ್ಟು, ಬೆಳಕು ಮಂಜಿನ ಹಾಗೆ ಹರಡುವಂತೆ ಮಾಡಿದರು. ಜಾನ್ನಿ ಕೊಲೊಂಬೊ ಮಾಡಿದ 'ಎಲಾಸ್ಟಿಕ್ ಜಾಗ' ನನಗೆ ಎಲ್ಲಕ್ಕಿಂತ ಇಷ್ಟ. ಕತ್ತಲ ಕೋಣೆ. ಅದರ ತುಂಬ ಹೊಳೆಯುವ ಎಲಾಸ್ಟಿಕ್ ದಾರಗಳು, ಉದ್ದ, ಅಡ್ಡ, ಎತ್ತರ ಮೂರೂ ದಿಕ್ಕಿಗೆ ಕಟ್ಟಿದ ಚೌಕುಳಿ ಬಲೆ. ಕಾಣದ ಮೋಟಾರುಗಳು ದಾರಗಳನ್ನು ನಿಧಾನಕ್ಕೆ ಎಳೆಯುತ್ತವೆ. ನೀವು ನಿಂತ ಕೋಣೆಯೇ ಉಸಿರಾಡುತ್ತಾ ಹಿಗ್ಗಿ ಕುಗ್ಗಿದಂತೆ ಆಗುತ್ತದೆ. 1968ರ ವೆನಿಸ್ ಬಿಯೆನಾಲೆಯಲ್ಲಿ ಬಹುಮಾನ ಬಂತು. ಮಸಾಚೊ ಗೋಡೆಯ ಮೇಲೆ ಗೆರೆ ಎಳೆದು ಕಟ್ಟಿದ ಕೋಣೆಯನ್ನು ಕೊಲೊಂಬೊ ಅದೇ ಗೆರೆಗಳಿಂದ ಅಲುಗಾಡಿಸಿದರು.

ಕಲ್ಲು, ಸೊಪ್ಪು, ಮರ

1967ರಲ್ಲಿ ಜೆರ್ಮಾನೊ ಚೆಲಾಂತ್ ಎಂಬ ವಿಮರ್ಶಕ ಒಂದು ಹೊಸ ಗುಂಪಿಗೆ 'ಆರ್ತೆ ಪೊವೆರಾ' ಎಂದು ಹೆಸರಿಟ್ಟರು. ಬಡ ಕಲೆ ಎಂದು ಅರ್ಥ. ಮಣ್ಣು, ಚಿಂದಿ, ಕಲ್ಲಿದ್ದಲು, ಗಿಡ, ಏನು ಬೇಕಾದರೂ ಕಲೆಯ ಸಾಮಗ್ರಿ. ಇದರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಇಲ್ಲಿ ಎರಡೇ ಕೃತಿ.

ಜೊವಾನ್ನಿ ಆನ್ಸೆಲ್ಮೊ 1968ರಲ್ಲಿ ಮಾಡಿದ್ದು: ನಯವಾಗಿ ಉಜ್ಜಿದ ಗ್ರಾನೈಟ್ ಕಂಬ. ಅದರ ನೆತ್ತಿಗೆ ಒಂದು ಸಣ್ಣ ಗ್ರಾನೈಟ್ ತುಂಡನ್ನು ತಾಮ್ರದ ತಂತಿಯಿಂದ ಕಟ್ಟಿದೆ. ಎರಡರ ನಡುವೆ ತಾಜಾ ಲೆಟ್ಯೂಸ್ ಸೊಪ್ಪು ಸಿಕ್ಕಿಸಿದೆ. ಸೊಪ್ಪು ಹಸಿಯಾಗಿರುವಷ್ಟು ಹೊತ್ತು ತಂತಿ ಬಿಗಿ. ಬಾಡಿದರೆ ತಂತಿ ಸಡಿಲ, ಸಣ್ಣ ಕಲ್ಲು ಜಾರಿ ಬೀಳುತ್ತದೆ. ಹಾಗಾಗಿ ಮ್ಯೂಸಿಯಂನವರು ಆಗಾಗ ಹೊಸ ಸೊಪ್ಪು ಇಡಲೇಬೇಕು. ಅದರ ಹೆಸರು 'ತಿನ್ನುವ ರಚನೆ'. ದನಕ್ಕೆ ಹುಲ್ಲು ಹಾಕಿದ ಹಾಗೆ ಕಲ್ಲಿಗೆ ಸೊಪ್ಪು. ಕಲ್ಲಿನ ತೂಕವನ್ನು ಒಂದು ಎಲೆ ಹಿಡಿದು ನಿಂತಿದೆ.

ಇನ್ನೊಬ್ಬರು ಜುಸೆಪ್ಪೆ ಪೆನೋನೆ, ಪಿಯೆಮೊಂತೆಯ ಗಾರೆಸ್ಸಿಯೊ ಎಂಬ ಬೆಟ್ಟದೂರಿನವರು. ಗರಗಸದ ಮಿಲ್ಲಿನಲ್ಲಿ ಚೌಕವಾಗಿ ಕೊಯ್ದ ತೊಲೆ ತಂದು, ಅದರ ವರ್ಷದ ಉಂಗುರಗಳಲ್ಲಿ ಒಂದನ್ನು ಆರಿಸಿ, ಅದರ ಹೊರಗಿನ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಗಂಟು ಸಿಕ್ಕಿದ ಕಡೆ ಕೊಂಬೆ. ಕೆತ್ತುತ್ತಾ ಹೋದಂತೆ ತೊಲೆಯೊಳಗಿಂದ ಒಂದು ಎಳೆಯ ಮರ, ಎಷ್ಟೋ ವರ್ಷದ ಹಿಂದೆ ಅದು ಹೇಗಿತ್ತೋ ಹಾಗೇ, ಎದ್ದು ಬರುತ್ತದೆ. ಬುಡದಲ್ಲಿ ತೊಲೆಯ ಭಾಗವನ್ನು ಹಾಗೇ ಬಿಡುತ್ತಾರೆ. ಮರ ಎಲ್ಲಿಂದ ಬಂತು ಎಂಬುದು ಮರೆಯಬಾರದಲ್ಲ.

ಜಿಬೆಲ್ಲೀನಾ

1968ರ ಜನವರಿ 14 ಮತ್ತು 15ರ ನಡುವಿನ ರಾತ್ರಿ ಸಿಸಿಲಿಯ ಬೆಲಿಚೆ ಕಣಿವೆಯಲ್ಲಿ ಭೂಕಂಪವಾಯಿತು. ನೂರಾರು ಜನ ಸತ್ತರು. ಜಿಬೆಲ್ಲೀನಾ ಎಂಬ ಊರು ಪೂರ್ತಿ ನೆಲಸಮವಾಯಿತು. ಬದುಕುಳಿದವರಿಗೆ ಬೇರೆ ಕಡೆ, ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೊಸ ಊರು ಕಟ್ಟಿದರು. ಅಲ್ಲಿನ ಮೇಯರ್ ಲುದೊವೀಕೊ ಕೊರಾವೊ ಹೊಸ ಊರಿಗೆ ಕೃತಿಗಳನ್ನು ಮಾಡಿಕೊಡಿ ಎಂದು ಕಲಾವಿದರನ್ನು ಕರೆದರು. ಬೂರಿಯೂ ಹೋದರು. ಹೊಸ ಊರಿನಲ್ಲಿ ತನಗೆ ಮಾಡಲು ಏನೂ ಇಲ್ಲ ಅನಿಸಿತು. ಹಳೆಯ ಊರು ತೋರಿಸಿ ಎಂದರು.

ಅಲ್ಲಿ ಅವರು ಮಾಡಿದ್ದು ಜಗತ್ತಿನ ಅತಿ ದೊಡ್ಡ ಕಲಾಕೃತಿಗಳಲ್ಲಿ ಒಂದು. ಬಿದ್ದ ಮನೆಗಳ ಅವಶೇಷವನ್ನು ಅಲ್ಲೇ ಒಟ್ಟುಮಾಡಿ, ಅದರ ಮೇಲೆ ಬಿಳಿ ಸಿಮೆಂಟ್ ಹಾಕಿ ದಿಬ್ಬಗಳನ್ನು ಮಾಡಿದರು. ದಿಬ್ಬಗಳ ನಡುವೆ ಓಡಾಡಲು ಓಣಿಗಳನ್ನು ಬಿಟ್ಟರು. ಈ ಓಣಿಗಳು ಬಹುಪಾಲು ಹಳೆಯ ಊರಿನ ಬೀದಿಗಳಿದ್ದ ಕಡೆಯೇ ಇವೆ. ಸುಮಾರು 80,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 20 ಎಕರೆ. ದೂರದ ರಸ್ತೆಯಿಂದ ನೋಡಿದರೆ ಬೆಟ್ಟದ ಇಳಿಜಾರಿನ ಮೇಲೆ ಯಾರೋ ಬೂರಿಯ ಬಿಳಿ ಕ್ರೆತ್ತೊವನ್ನು ಹಾಸಿದ ಹಾಗಿದೆ. ಅಂಗೈಯಗಲದ ಹಲಗೆಯ ಮೇಲೆ ಬೆರಳು ತೂರದಷ್ಟು ಸಣ್ಣಗಿದ್ದ ಬಿರುಕು ಇಲ್ಲಿ ಇಬ್ಬರು ಮೂವರು ಜತೆಯಾಗಿ ನಡೆಯುವಷ್ಟು ಅಗಲವಾಗಿದೆ.

ದಿಬ್ಬಗಳ ಎತ್ತರ ಸುಮಾರು 1.6 ಮೀಟರ್. ಈ ಅಳತೆ ನನ್ನನ್ನು ಬಹಳ ಕಾಡಿದೆ. ದೊಡ್ಡವರೊಬ್ಬರು ಓಣಿಯಲ್ಲಿ ನಡೆದರೆ ಗೋಡೆಯ ಮೇಲಂಚು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಸ್ವಲ್ಪ ಹಿಮ್ಮಡಿ ಎತ್ತಿದರೆ ಆಚೆಗಿನ ಕಣಿವೆ, ಹೊಲ, ಬೆಟ್ಟ ಕಾಣುತ್ತವೆ. ಇಳಿಸಿದರೆ ಬರೀ ಸಿಮೆಂಟ್. ಪಕ್ಕದಲ್ಲಿ ಮಗು ನಡೆಯುತ್ತಿದ್ದರೆ ಅದಕ್ಕೆ ಕಾಣುವುದು ಎರಡು ಬದಿಯ ಬಿಳಿ ಗೋಡೆ ಮತ್ತು ಮೇಲೊಂದು ಪಟ್ಟಿ ಆಕಾಶ. ಬೇಸಿಗೆಯ ಮಧ್ಯಾಹ್ನ ಸೂರ್ಯ ಎತ್ತರಕ್ಕೆ ಬಂದಾಗ ಓಣಿಗಳಲ್ಲಿ ನೆರಳು ತೀರಾ ಕಡಿಮೆ, ಬಿಳುಪು ಕಣ್ಣು ಕುಕ್ಕುತ್ತದೆ. ಹೊತ್ತು ಇಳಿದಂತೆ ಒಂದು ಗೋಡೆಯ ನೆರಳು ಎದುರು ಗೋಡೆಯನ್ನು ಹತ್ತುತ್ತದೆ. ಓಣಿಗಳು ಒಂದೊಂದಾಗಿ ತುಂಬುತ್ತವೆ, ದಿಬ್ಬಗಳ ನೆತ್ತಿ ಮಾತ್ರ ಬಿಸಿಲಲ್ಲಿ ಉಳಿಯುತ್ತದೆ.

ಕೆಲಸ ಶುರುವಾದದ್ದು 1980ರ ದಶಕದ ನಡುವಿನಲ್ಲಿ. 1989ರಲ್ಲಿ ದುಡ್ಡು ಸಾಲದೆ ನಿಂತಿತು. ಬೂರಿ 1995ರಲ್ಲಿ ತೀರಿಕೊಂಡರು. ಉಳಿದ ಭಾಗ ಪೂರ್ತಿಯಾದದ್ದು ಅವರ ಹುಟ್ಟಿನ ನೂರನೇ ವರ್ಷ, 2015ರಲ್ಲಿ. ಅಷ್ಟರಲ್ಲಿ ಮೊದಲು ಹಾಕಿದ ಸಿಮೆಂಟ್ ಮಳೆ ಬಿಸಿಲಿಗೆ ಬೂದು ತಿರುಗಿ, ಕಲ್ಲುಹೂ ಹಿಡಿದಿತ್ತು. ಹೊಸದು ಅಚ್ಚ ಬಿಳಿ. ಎರಡೂ ಸೇರುವ ಕಡೆ ನಿಂತರೆ ಒಂದು ಕಾಲು ಹಳೆಯ ಭಾಗದಲ್ಲಿ, ಒಂದು ಕಾಲು ಹೊಸದರಲ್ಲಿ. ಎರಡರ ನಡುವೆ 26 ವರ್ಷ. ಎರಡರ ಅಡಿಯಲ್ಲೂ ಅದೇ ಊರು.